ಆಸ್ಪತ್ರೆ ಸೇರಿದ ಮೂರನೇ ದಿನಕ್ಕೆ ಅಪ್ಪ ಏನೇನೋ ಮಾತಾಡುತ್ತಿದ್ದಾರೆ, ನ್ಯೂರೋ ಡಾಕ್ಟರು ಸ್ಕ್ಯಾನ್ ಮಾಡಿಸದೆ ಹೋದರು. ಇದು ಸರಿಯಾ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಅಪ್ಪನಿಗೆ 66 ವರ್ಷ, ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ರೈತರು. ಬೈಕಿನಿಂದ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದು, ಬಳ್ಳಾರಿಯಲ್ಲಿ ಆಪರೇಷನ್ ಆಗಿದೆ. ಎರಡು ದಿನ ಚೆನ್ನಾಗೇ ಇದ್ದರು. ಮೂರನೇ ದಿನ ಸಂಜೆಯಿಂದ ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅನ್ನುತ್ತಿದ್ದಾರೆ. ಸಲೈನ್ ಕಿತ್ತು ಹಾಕಿದ್ದಾರೆ, ನಿಮ್ಮನ್ನೇ ತಂಗಿ ಅಂತ ಕರೆದಿದ್ದಾರೆ. ನ್ಯೂರೋ ಡಾಕ್ಟರು ಬಂದು ಅರ್ಧ ಗಂಟೆ ಪ್ರಶ್ನೆ ಕೇಳಿ, ಸುತ್ತಿಗೆಯಿಂದ ಮೊಣಕಾಲು ತಟ್ಟಿ, ರಕ್ತ, ಮೂತ್ರದ ಟೆಸ್ಟ್ ಬರೆದು ಹೋದರು. ಎಂಆರ್‌ಐ ಮಾತೇ ಎತ್ತಲಿಲ್ಲ. ಬಂಧುಗಳು ಬೆಂಗಳೂರಿಗೆ ಒಯ್ಯಿರಿ ಅಂತ ಒತ್ತಾಯ ಮಾಡುತ್ತಿದ್ದಾರೆ.

ನಾನು ಇದೇ ಸೀಮೆಯಲ್ಲಿ ನರರೋಗ ನೋಡುವ ಡಾಕ್ಟರು. ನನ್ನ ಅರ್ಧ ದಿನ ಬೇರೆ ವಾರ್ಡುಗಳ ಕರೆಗಳಲ್ಲೇ ಹೋಗುತ್ತದೆ. ಮೂಳೆ ವಾರ್ಡು, ಬಾಣಂತಿ ವಾರ್ಡು, ಡಯಾಲಿಸಿಸ್, ಐಸಿಯು. 'ಸರ್, ಪೇಶಂಟು ಏನೇನೋ ಮಾತಾಡ್ತಿದಾರೆ, ಒಂದು ಒಪಿನಿಯನ್ ಬೇಕು' ಅಂತ ಸಿಸ್ಟರ್ ಫೋನ್ ಮಾಡುತ್ತಾರೆ. ನಿಮ್ಮ ಅಪ್ಪನನ್ನು ನಾನು ನೋಡಿಲ್ಲ, ಹಾಗಾಗಿ ಇಂಥದ್ದೇ ಆಗಿದೆ ಅಂತ ಹೇಳಲಾರೆ. ಆ ಅರ್ಧ ಗಂಟೆಯಲ್ಲಿ ನ್ಯೂರೋ ಡಾಕ್ಟರು ಏನು ಹುಡುಕುತ್ತಿದ್ದರು ಅನ್ನೋದನ್ನು ಹೇಳಬಲ್ಲೆ.

ಮೊದಲು ನಿಮ್ಮ ಭಯದ ಮಾತು. ಹುಚ್ಚು ಹಿಡೀತಾ ಅಂತ ಕೇಳಿದ್ದೀರಿ. ಮೊನ್ನೆವರೆಗೆ ಸರಿ ಇದ್ದ ಮನುಷ್ಯನಿಗೆ ಈ ವಯಸ್ಸಿನಲ್ಲಿ ಒಂದೇ ಸಂಜೆಗೆ ಹುಚ್ಚು ಹಿಡಿಯುವುದಿಲ್ಲ. ನಮ್ಮ ಅಜ್ಜಿಯರು ಇದಕ್ಕೆ ಸನ್ನಿ ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಡೆಲಿರಿಯಂ ಅನ್ನುತ್ತೇವೆ. ಮೈಯಲ್ಲಿ ಎಲ್ಲೋ ಏನೋ ಕೆಟ್ಟಿದೆ, ಅದರ ಬಿಸಿ ಮಿದುಳಿಗೆ ತಟ್ಟಿದೆ, ಅಷ್ಟೇ. ಬೆಳಿಗ್ಗೆ ಸ್ವಲ್ಪ ಸರಿ, ಸಂಜೆಯಾದರೆ ಜಾಸ್ತಿ. ಒಂದು ಗಳಿಗೆ ನಮ್ಮ ಜೊತೆ, ಇನ್ನೊಂದು ಗಳಿಗೆ ಎಲ್ಲೋ. ಈ ಏರಿಳಿತವೇ ಅದರ ಗುರುತು.

ಅದನ್ನು ಹಿಡಿಯಲು ಯಂತ್ರ ಬೇಕಿಲ್ಲ, ಮಾತು ಬೇಕು. ಪುಸ್ತಕದಲ್ಲಿ ವರ್ಷದ ತಿಂಗಳುಗಳನ್ನು ಹಿಂದಿನಿಂದ ಹೇಳಿಸಿ ಅಂತ ಇದೆ. ನಮ್ಮ ರೈತರಿಗೆ ಡಿಸೆಂಬರ್, ನವೆಂಬರ್ ಅಂದರೆ ಸರಿ ಇದ್ದಾಗಲೂ ತೊಡರುತ್ತದೆ. ನಾನು ವಾರಗಳನ್ನು ಕೇಳುತ್ತೇನೆ. 'ಯಜಮಾನ್ರೆ, ಶನಿವಾರದಿಂದ ಹಿಂದಕ್ಕೆ ಹೇಳ್ರಿ.' ಸನ್ನಿ ಇದ್ದವರು ಶನಿವಾರ, ಶುಕ್ರವಾರ ಅಂದು ನಿಂತುಬಿಡುತ್ತಾರೆ. ಇಲ್ಲವೇ 'ಸಂತಿ ಐತ್ರಿ ಇವತ್ತು' ಅಂತ ಬೇರೆ ದಾರಿ ಹಿಡಿಯುತ್ತಾರೆ. ವಾರದ ಹೆಸರು ಅವರಿಗೆ ಮರೆತಿಲ್ಲ. ಗಮನವನ್ನು ಒಂದು ಕಡೆ ಹಿಡಿದಿಡಲು ಆಗುತ್ತಿಲ್ಲ. ಮರೆವಿನ ಕಾಯಿಲೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು.

ಸುತ್ತಿಗೆ ಯಾಕೆ ಅಂದರೆ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದೆಯಾ ಅಂತ ನೋಡಲು. ಎರಡೂ ಕೈ ಮುಂದಕ್ಕೆ ಚಾಚಿಸಿ ಕಣ್ಣು ಮುಚ್ಚಿಸಿದಾಗ ಒಂದು ಕೈ ಮೆಲ್ಲಗೆ ಕೆಳಗಿಳಿದರೆ ಮಿದುಳಿನ ಒಂದು ಭಾಗಕ್ಕೇ ಪೆಟ್ಟು ಬಿದ್ದಿರಬಹುದು. ಅಂಗಾಲು ಗೀಚಿದಾಗ ಹೆಬ್ಬೆರಳು ಮೇಲಕ್ಕೆ ಏಳುತ್ತದಾ ನೋಡುತ್ತೇವೆ. ಪ್ಯಾರಿಸ್ಸಿನ ಬಾಬಿನ್ಸ್ಕಿ ಅನ್ನುವ ಡಾಕ್ಟರು 1896ರಲ್ಲಿ ಬರೆದಿಟ್ಟ ಗುರುತು, ಇವತ್ತಿಗೂ ಖರ್ಚಿಲ್ಲದೆ ಕೆಲಸ ಮಾಡುತ್ತದೆ. ಕೈಯನ್ನು ಮಣಿಕಟ್ಟಿನಿಂದ ಹಿಂದಕ್ಕೆ ಬಾಗಿಸಿ ಹಿಡಿಯಿರಿ ಅಂದಾಗ ರೆಕ್ಕೆ ಬಡಿದ ಹಾಗೆ ಕೈ ಜಾರಿದರೆ ಲಿವರ್ ಅಥವಾ ಕಿಡ್ನಿ ನೆನಪಾಗುತ್ತದೆ. ಕತ್ತು ಬಾಗುತ್ತದಾ, ಕಣ್ಣಿನ ಪಾಪೆ ಎರಡೂ ಒಂದೇ ಥರ ಇವೆಯಾ ಅಂತಲೂ ನೋಡಿರುತ್ತಾರೆ. ಎರಡೂ ಕಡೆ ಸಮ ಇದ್ದು, ಗಮನ ಮಾತ್ರ ತಪ್ಪಿದ್ದರೆ ಕಾರಣ ಹೆಚ್ಚಾಗಿ ರಕ್ತದಲ್ಲೋ ಮೂತ್ರದಲ್ಲೋ ಸಿಗುತ್ತದೆ. ಅದಕ್ಕೇ ಆ ಟೆಸ್ಟುಗಳು.

ಇನ್ನು 'ಮೂರನೇ ದಿನ' ಅನ್ನುವ ಮಾತಿಗೆ ಬರುತ್ತೇನೆ. ನಿಮಗೆ ಅದು ಬರೀ ಲೆಕ್ಕ. ನನಗೆ ಅರ್ಧ ರೋಗ ಗೊತ್ತಾಗುವುದೇ ಅಲ್ಲಿ.

ಉದ್ದ ಮೂಳೆ ಮುರಿದಾಗ ಒಳಗಿನ ಕೊಬ್ಬಿನ ಹನಿಗಳು ರಕ್ತಕ್ಕೆ ಸೇರಿ ಶ್ವಾಸಕೋಶ, ಮಿದುಳು ಮುಟ್ಟಬಹುದು. ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ. ಆಗ ಏದುಸಿರು ಬರುತ್ತದೆ, ಆಕ್ಸಿಜನ್ ಇಳಿಯುತ್ತದೆ, ಕೆಲವರಿಗೆ ಎದೆ, ಕಂಕುಳಲ್ಲಿ ಸಣ್ಣ ಕೆಂಪು ಚುಕ್ಕೆ ಏಳುತ್ತವೆ. ಮೂತ್ರದ ನಳಿಕೆ ಹಾಕಿ ಎರಡು ಮೂರು ದಿನವಾದರೆ ಸೋಂಕು ಆಗುವ ಸಮಯವೂ ಅದೇ. ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಯುವುದೂ ಹೀಗೇ. ಬಿಪಿಗೆ ನೀರು ಹೋಗಿಸುವ ಗುಳಿಗೆ ತಗೊಳ್ಳುವ ವಯಸ್ಸಾದವರು ಸರಿಯಾಗಿ ಊಟ ಮಾಡದೆ, ಬರೀ ನೀರು, ಎಳನೀರು ಕುಡಿದು ಮಲಗಿದ್ದರೆ ಸೋಡಿಯಂ ಸದ್ದಿಲ್ಲದೆ ಬೀಳುತ್ತದೆ. ಇರಬೇಕಾದ್ದು 135ರಿಂದ 145. ಅದು 118 ಅಂತ ರಿಪೋರ್ಟ್ ಬಂದರೆ ಬಂಧುಗಳು 'ಬೇಗ ಏರಿಸ್ರಿ' ಅಂತ ಅವಸರ ಮಾಡುತ್ತಾರೆ. ಬೇಗ ಏರಿಸಬಾರದು. ದಿನಕ್ಕೆ 8ರಿಂದ 10 ಅಂಕಕ್ಕಿಂತ ಜಾಸ್ತಿ ಏರಿಸಿದರೆ ಮಿದುಳಿನ ಕಾಂಡಕ್ಕೆ ಶಾಶ್ವತ ಪೆಟ್ಟು ಬೀಳಬಹುದು. ಡಾಕ್ಟರು ನಿಧಾನ ಮಾಡುತ್ತಿದ್ದಾರೆ ಅಂತ ಸಿಟ್ಟಾಗಬೇಡಿ.

ನಮ್ಮ ಭತ್ತದ ಸೀಮೆಯಲ್ಲಿ ಮೂರನೇ ದಿನಕ್ಕೆ ಇನ್ನೊಂದು ಅರ್ಥವೂ ಇದೆ. ನಿಮ್ಮ ಅಪ್ಪನಿಗೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಸಿಂಧನೂರು, ಗಂಗಾವತಿ ಕಡೆಯಿಂದ ಎಣ್ಣಿ ಕುಡಿದವರು ಬರುತ್ತಾರೆ. ನಮ್ಮಲ್ಲಿ ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧಿ. ಅಟ್ರೋಪಿನ್ ಅನ್ನುವ, ಆ ವಿಷಕ್ಕೆ ಎದುರಾದ ಔಷಧಿ ಕೊಟ್ಟು ಮೊದಲ ದಿನ ಉಳಿಸುತ್ತೇವೆ. ಎರಡನೇ ದಿನ ಎದ್ದು ಮಾತಾಡುತ್ತಾರೆ, ಮನೆಯವರು ಡಿಸ್ಚಾರ್ಜ್ ಕೇಳುತ್ತಾರೆ. ಮೂರನೇ ದಿನ ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ. ಆಮೇಲೆ ಉಸಿರಾಟದ ಸ್ನಾಯು ಸೋಲುತ್ತವೆ. ವಿಷ ಸೇರಿದ 24ರಿಂದ 96 ಗಂಟೆಯ ನಡುವೆ ಬರುವ ತೊಂದರೆ ಇದು. ಹೊತ್ತಿಗೆ ಸರಿಯಾಗಿ ವೆಂಟಿಲೇಟರ್ ಹಾಕಿದರೆ ಬಹಳ ಜನ ಬದುಕುತ್ತಾರೆ. ಅದಕ್ಕೇ ಇಂಥವರಿಗೆ ದಿನಕ್ಕೆ ನಾಲ್ಕು ಸಲ 'ತಲಿ ಎತ್ರಿ' ಅಂತ ಹೇಳಿಸುತ್ತೇವೆ.

ನಿಮ್ಮ ಅಪ್ಪನ ವಿಷಯದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಅವರು ಸೇಂದಿ ಕುಡಿಯುತ್ತಿದ್ದರಾ?

ಸಿಟ್ಟಾಗಬೇಡಿ. ಮನೆಯವರು ಹತ್ತರಲ್ಲಿ ಒಂಬತ್ತು ಸಲ 'ಇಲ್ರೀ, ಮುಟ್ಟಂಗೇ ಇಲ್ಲ' ಅನ್ನುತ್ತಾರೆ. ಸೊಸೆ, ಅಳಿಯ ಎಲ್ಲಾ ಹಾಸಿಗೆ ಸುತ್ತ ನಿಂತಿರುವಾಗ ಯಾರು ಒಪ್ಪಿಕೊಳ್ಳುತ್ತಾರೆ, ಅಲ್ವಾ? ಆದರೆ ಹೊರಗಿನ ಬೆಂಚಿನ ಹತ್ತಿರ ಒಬ್ಬರೇ ಸಿಕ್ಕಾಗ ಭಾವನೋ ಗೆಳೆಯನೋ ಮೆಲ್ಲಗೆ ಹೇಳುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ಸಿಎಚ್ ಪೌಡರ್ ಬೆರೆಸಿದ ಸೇಂದಿಯ ಕಥೆ ನಿಮಗೆ ಗೊತ್ತೇ ಇರುತ್ತದೆ. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಅದನ್ನು ದಿನಾ ಕುಡಿಯುವವನಿಗೆ ಮಿದುಳು ಅದಕ್ಕೇ ಒಗ್ಗಿಕೊಂಡಿರುತ್ತದೆ. ಕಾಲು ಮುರಿದು ಆಸ್ಪತ್ರೆಗೆ ಬಂದ ದಿನವೇ ಅದು ನಿಂತುಹೋಗುತ್ತದೆ. ಕೈ ನಡುಗುತ್ತದೆ, ಬೆವರುತ್ತಾರೆ, ನಿದ್ದೆ ಹೋಗುತ್ತದೆ, ಫಿಟ್ಸ್ ಬರಬಹುದು, ಗೋಡೆ ಮೇಲೆ ಹುಳ ಕಾಣಬಹುದು. ಸಾರಾಯಿ, ಬ್ರಾಂದಿ ನಿಂತಾಗಲೂ ಹೀಗೇ. ಕೊನೆಯ ಗುಟುಕು ಕುಡಿದ 48ರಿಂದ 96 ಗಂಟೆಯ ನಡುವೆ ಇದು ಜೋರಾಗುತ್ತದೆ. ಇರುವೆ ಹರಿಯುತ್ತಿವೆ ಅಂತ ನೀವು ಬರೆದದ್ದು ಓದಿದಾಗ ನನಗೆ ಹೊಳೆದದ್ದು ಇದೇ.

ಇದನ್ನು ಮುಚ್ಚಿಟ್ಟರೆ ಏನಾಗುತ್ತದೆ ಅಂದರೆ, ಚಿಕಿತ್ಸೆಯೇ ತಲೆಕೆಳಗಾಗುತ್ತದೆ. ಬೇರೆ ಕಾರಣದ ಸನ್ನಿಗೆ ನಿದ್ದೆ ಇಂಜೆಕ್ಷನ್ ಆದಷ್ಟು ಕೊಡಬಾರದು, ಕೊಟ್ಟರೆ ಗೊಂದಲ ಇನ್ನೂ ಹೆಚ್ಚುತ್ತದೆ. ಚಟ ನಿಂತು ಬಂದ ಸನ್ನಿಗೆ ಲೊರಾಜೆಪಾಮ್ ಥರದ ಅದೇ ಗುಂಪಿನ ಔಷಧಿಯೇ ಜೀವ ಉಳಿಸುತ್ತದೆ. ಜೊತೆಗೆ ಥಯಮಿನ್ ಅನ್ನುವ ಬಿ1 ವಿಟಮಿನ್ ಇಂಜೆಕ್ಷನ್ ಬೇಕು. ಅದನ್ನು ಕೊಡದೆ ಗ್ಲೂಕೋಸ್ ಬಾಟಲಿ ಏರಿಸುತ್ತಾ ಹೋದರೆ ನೆನಪಿನ ಶಕ್ತಿಗೇ ಏಟು ಬೀಳಬಹುದು. ಡಾಕ್ಟರ ಹತ್ತಿರ ಗುಟ್ಟಾಗಿ ಹೇಳಿದರೂ ಸಾಕು. ನಾವು ಯಾರಿಗೂ ಹೇಳಲು ಹೋಗುವುದಿಲ್ಲ.

ಹಾಗಾದರೆ ಸ್ಕ್ಯಾನ್ ಬೇಡವೇ ಬೇಡವಾ? ಇಲ್ಲಿ ನಿಮ್ಮ ಪರವಾಗಿ ಒಂದು ಮಾತು ಹೇಳುತ್ತೇನೆ. ನಿಮ್ಮ ಅಪ್ಪ ಬೈಕಿನಿಂದ ಬಿದ್ದವರು. ತಲೆಗೆ ಪೆಟ್ಟಾಗಿತ್ತಾ, ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುತ್ತಿದ್ದರಾ? ವಯಸ್ಸಾದವರಲ್ಲಿ ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಸೇರಿ, ದಿನಗಳು ಕಳೆದ ಮೇಲೆ ಗೊಂದಲ ತರಬಹುದು. ಪೆಟ್ಟಾಗಿದ್ದರೆ ಸಿಟಿ ಸ್ಕ್ಯಾನ್ ಕೇಳಿ, ಅದು ನ್ಯಾಯವಾದ ಬೇಡಿಕೆ. ಎಂಆರ್‌ಐ ಅಲ್ಲ, ಸಿಟಿ ಸಾಕು. ಸದ್ಯ ಅಪ್ಪ ಇರುವ ಸ್ಥಿತಿಯಲ್ಲಿ ಎಂಆರ್‌ಐ ಒಳಗೆ ಅರ್ಧ ಗಂಟೆ ಅಲ್ಲಾಡದೆ ಮಲಗಲಾರರು, ಮಂಪರು ಕೊಡಬೇಕಾಗುತ್ತದೆ. ಒಂದು ಕಡೆ ಕೈಕಾಲು ಸೋತರೆ, ಫಿಟ್ಸ್ ಬಂದರೆ, ಟೆಸ್ಟೆಲ್ಲಾ ಸರಿ ಇದ್ದೂ ಎರಡು ದಿನದಲ್ಲಿ ಸುಧಾರಿಸದಿದ್ದರೆ ಆಗಲೂ ಸ್ಕ್ಯಾನ್ ಬೇಕು. ಜ್ವರದ ಜೊತೆ ಕತ್ತು ಬಿಗಿದರೆ ಬೆನ್ನಿನಿಂದ ನೀರು ತೆಗೆದು ನೋಡುತ್ತಾರೆ. ಹಾಗೆ ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಅನ್ನುವುದು ಸುಳ್ಳು. ಸೂಜಿ ಹೋಗುವ ಜಾಗದಲ್ಲಿ ಬೆನ್ನುಹುರಿಯೇ ಇರುವುದಿಲ್ಲ, ಅದು ಇನ್ನೂ ಮೇಲೆಯೇ ಮುಗಿದಿರುತ್ತದೆ.

ಲಕ್ವದ ಮಾತು ಬೇರೆ. ಬಾಯಿ ಸೊಟ್ಟ, ಒಂದು ಕೈ ಜೋಲು, ಮಾತು ತೊದಲು, ಇದರಲ್ಲಿ ಒಂದು ಕಂಡರೂ ರೌಂಡ್ಸ್‌ಗೆ ಕಾಯಬೇಡಿ, ಕೂಗಿ ಕರೆಯಿರಿ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ಆ ಗಡಿಯಾರ ಶುರುವಾಗುವುದು ನೀವು ನೋಡಿದ ಹೊತ್ತಿನಿಂದಲ್ಲ, ಅವರು ಕೊನೆಯ ಸಲ ಸರಿ ಇದ್ದ ಹೊತ್ತಿನಿಂದ. ಆಪರೇಷನ್ ಈಗಷ್ಟೇ ಆಗಿರುವುದರಿಂದ ಆ ಇಂಜೆಕ್ಷನ್‌ನಿಂದ ರಕ್ತಸ್ರಾವದ ಅಪಾಯ ಇದೆ. ತೊಡೆಯ ರಕ್ತನಾಳದಿಂದ ತಂತಿ ಹಾಯಿಸಿ ಹೆಪ್ಪು ತೆಗೆಯುವ ದಾರಿಯನ್ನು ಯೋಚಿಸಬೇಕಾಗಬಹುದು. ಹಾಗೆ ಬಂದರೆ ಬೇರೆ ಊರಿಗೆ ಕಳಿಸಿ ಅಂತ ನಾನೇ ಹೇಳುತ್ತೇನೆ. ವಿಚಿತ್ರ ಏನೆಂದರೆ, ಆಸ್ಪತ್ರೆಯ ಹಾಸಿಗೆಯಲ್ಲೇ ಆದ ಲಕ್ವ ಎಷ್ಟೋ ಸಲ ತಡವಾಗಿ ಗೊತ್ತಾಗುತ್ತದೆ. ಮಂಪರಿನಲ್ಲಿದ್ದಾರೆ, ಸುಸ್ತಾಗಿದ್ದಾರೆ ಅಂತ ಎಲ್ಲರೂ ಸುಮ್ನೆ ಇರುತ್ತಾರೆ.

ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳು. ಮೂತ್ರದ ಸೋಂಕಿಗೆ ಅಡ್ಮಿಟ್ ಆಗಿದ್ದ ಒಬ್ಬ ಅಜ್ಜಿ. ಜ್ವರ ಇಳಿದಿತ್ತು. ಕಣ್ಣು ಅರೆ ತೆರೆದು ಮಲಗಿದ್ದರು. ಗಲಾಟೆ ಇಲ್ಲ, ಕಿತ್ತಾಟ ಇಲ್ಲ. ವಾರ್ಡಿನಲ್ಲೆಲ್ಲಾ ಒಳ್ಳೆಯ ಪೇಶಂಟ್ ಅಂತ ಹೆಸರು. ಸೊಸೆ ಹೇಳಿದಳು, 'ಸಾಹೇಬ್ರ, ನಿನ್ನಿಯಿಂದ ಅತ್ತಿ ಹೆಬ್ಬೆಟ್ಟು ಒಂದ ಸವನ ಮಿಡಿಯಾಕತ್ತೈತಿ.' ನಾನು ನಿಶ್ಶಕ್ತಿ ಅಂದು ಮುಂದಿನ ಹಾಸಿಗೆಗೆ ಹೋದೆ. ಮರುದಿನವೂ ಹಾಗೇ ಇದ್ದಾಗ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ನೋಡುವ ಟೆಸ್ಟ್, ಮಾಡಿಸಿದೆವು. ಮೈ ನಡುಗದೆ, ಒಳಗೊಳಗೇ ನಿಲ್ಲದ ಫಿಟ್ಸ್. ಔಷಧಿ ಬಿದ್ದ ಮೇಲೆ ಎಚ್ಚರವಾದರು, ಮಾತು ಬರಲು ವಾರಗಳೇ ಹಿಡಿದವು. ಸೊಸೆಯ ಮಾತು ಕೇಳಿದ್ದರೆ ಒಂದು ದಿನ ಉಳಿಯುತ್ತಿತ್ತು. ಗಲಾಟೆ ಮಾಡುವ ಪೇಶಂಟಿಗಿಂತ ಸುಮ್ಮನೆ ಮಲಗಿದ ಪೇಶಂಟಿನ ಹತ್ತಿರ ನಾನು ಈಗ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಬೆಂಗಳೂರಿನ ವಿಷಯ. ಬಳ್ಳಾರಿಯಿಂದ ಸುಮಾರು 300 ಕಿಲೋಮೀಟರ್. ಹೊಸದಾಗಿ ಜೋಡಿಸಿದ ಮೂಳೆ, ಕುಲುಕುವ ಆಂಬುಲೆನ್ಸ್, ಹೊಸ ಜಾಗ, ಹೊಸ ಮುಖಗಳು. ಸನ್ನಿ ಇರುವವರಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ. ಅಲ್ಲಿ ಹೋದರೂ ಮೊದಲು ಬರೆಯುವುದು ಇದೇ ಸೋಡಿಯಂ, ಸಕ್ಕರೆ, ಕಿಡ್ನಿ, ಮೂತ್ರ. ನಾನಾದರೆ ಈ ರಿಪೋರ್ಟ್ ಬರುವವರೆಗೆ ಕದಲಿಸುತ್ತಿರಲಿಲ್ಲ.

ಅಷ್ಟರಲ್ಲಿ ನಿಮ್ಮ ಕೈಲಾಗುವ ಕೆಲಸ ಬಹಳ ಇದೆ. ಅವರ ಕನ್ನಡಕ ಊರಲ್ಲೇ ಉಳಿದಿದ್ದರೆ ತರಿಸಿ. ಹಗಲು ಕಿಟಕಿ ತೆಗೆದಿಡಿ, ರಾತ್ರಿ ದೀಪ ಕಡಿಮೆ ಮಾಡಿಸಿ, ಹತ್ತು ಜನ ಬೇಡ, ಒಬ್ಬರೇ ಪರಿಚಯದವರು ಪಕ್ಕದಲ್ಲಿ ಕೂರಲಿ. ಇರುವೆ ಇಲ್ಲ ಅಂತ ವಾದ ಮಾಡಬೇಡಿ, ಹೌದು ಅಂತಲೂ ಅನ್ನಬೇಡಿ. 'ಅಪ್ಪ, ಬಳ್ಳಾರಿ ಆಸ್ಪತ್ರೆದಾಗ ಇದ್ದೀವಿ, ಕಾಲಿನ ಆಪರೇಷನ್ ಆಗೈತಿ' ಅಂತ ಆಗಾಗ ಹೇಳುತ್ತಿರಿ. ಕೈಕಾಲು ಕಟ್ಟಿಸಬೇಡಿ, ಕಟ್ಟಿದಷ್ಟೂ ಕೆರಳುತ್ತಾರೆ. ಮಲ ಕಟ್ಟಿದೆಯಾ, ನೋವಿಗೆ ಔಷಧಿ ಸಾಕಾಗುತ್ತಿದೆಯಾ, ಮೂತ್ರದ ನಳಿಕೆ ಇನ್ನೂ ಬೇಕಾ ಅಂತ ಸಿಸ್ಟರನ್ನು ಕೇಳಿ. ಮನೆಯಲ್ಲಿ ತಗೊಳ್ಳುತ್ತಿದ್ದ ಗುಳಿಗೆಗಳನ್ನು ಚೀಲ ಸಮೇತ ತಂದು ತೋರಿಸಿ. ಆಪರೇಷನ್‌ಗೆ ಖಾಲಿ ಹೊಟ್ಟೆ ಅಂತ ಫಿಟ್ಸ್ ಗುಳಿಗೆ ಬಿಟ್ಟು ಫಿಟ್ಸ್ ಬಂದವರನ್ನು ನೋಡಿದ್ದೇನೆ.

ಒಂದು ಹಾಳೆಯಲ್ಲಿ ಬರೆದಿಡಿ: ಕೊನೆಯ ಸಲ ಪೂರ್ತಿ ಸರಿ ಇದ್ದದ್ದು ಯಾವ ದಿನ, ಎಷ್ಟು ಗಂಟೆಗೆ. ಮೊದಲು ಏನು ಬದಲಾಯಿತು. ಆಮೇಲೆ ಏನು. ನಾಳೆ ರೌಂಡ್ಸ್‌ನಲ್ಲಿ ಆ ಹಾಳೆಯನ್ನು ಕೈಗೆ ಕೊಡಿ. ಅದಕ್ಕೂ ಮುಂಚೆ, ಸಾಧ್ಯವಾದರೆ ಈಗಲೇ, ಅಪ್ಪನ ಜೊತೆ ಸಂಜೆ ಹೊತ್ತು ಕಟ್ಟೆ ಮೇಲೆ ಕೂರುವ ಗೆಳೆಯರು ಯಾರಾದರೂ ಇದ್ದರೆ ಅವರಿಗೊಂದು ಫೋನ್ ಮಾಡಿ. ಬಿದ್ದ ದಿನ ಏನು ಕುಡಿದಿದ್ದರು, ದಿನಾ ಎಷ್ಟು ಕುಡಿಯುತ್ತಿದ್ದರು ಅಂತ ಕೇಳಿ, ರಾತ್ರಿ ಡ್ಯೂಟಿ ಡಾಕ್ಟರಿಗೆ ತಿಳಿಸಿ.