ಹೆಂಡತಿ ಕ್ಯಾಥೊಲಿಕ್, ನಾನು ಹಿಂದೂ. ಮಗಳ ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂ) ನಾನೇನು ತಯಾರಿ ಮಾಡಿಕೊಳ್ಳಬೇಕು?

ನೀವು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. "ಮುಂದಿನ ತಿಂಗಳು ಮಗಳ ಜ್ಞಾನಸ್ನಾನ, ಚರ್ಚಿನಲ್ಲಿ ನಾನು ಏನು ಹೇಳಬೇಕು? ನನ್ನ ತಮ್ಮ ಗಾಡ್‌ಫಾದರ್ ಆಗಬಹುದಾ? ಹಾಲು ಕುಡಿಯುವ ಕೂಸಿಗೆ ಎಲ್ಲಿಯ ಪಾಪ?" ನಾನು ಬೆಂಗಳೂರಿನ ಒಂದು ಧರ್ಮಕೇಂದ್ರದಲ್ಲಿ (ಪ್ಯಾರಿಷ್), ಜ್ಞಾನಸ್ನಾನಕ್ಕೆ ಮುಂಚೆ ತಂದೆತಾಯಿಗೆ ನಡೆಸುವ ತರಗತಿಯಲ್ಲಿ ಫಾದರ್‌ಗೆ ಸಹಾಯ ಮಾಡುತ್ತೇನೆ. ನಿಮ್ಮಂಥ ಅಪ್ಪಂದಿರು ಅಲ್ಲಿಗೆ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಏನೂ ಕೇಳದೆ ಎದ್ದು ಹೋಗುತ್ತಾರೆ. ನೀವು ಬಾಯಿಬಿಟ್ಟು ಕೇಳಿದ್ದು ಒಳ್ಳೆಯದಾಯಿತು.

ಚರ್ಚಿನಲ್ಲಿ ಹೇಳುವ ಮಾತಿನಿಂದಲೇ ಶುರು ಮಾಡೋಣ. ವಿಧಿಯ ಆರಂಭದಲ್ಲೇ ಗುರುಗಳು, ಅಂದರೆ ಫಾದರ್, ನಿಮ್ಮಿಬ್ಬರನ್ನೂ ಕೇಳುತ್ತಾರೆ: ಮಗುವಿಗೆ ಏನು ಹೆಸರು? ಮಗುವಿಗಾಗಿ ಧರ್ಮಸಭೆಯಿಂದ (ಕ್ಯಾಥೊಲಿಕ್ ಚರ್ಚ್) ಏನು ಕೇಳುತ್ತೀರಿ? ಹೆಸರನ್ನು ನೀವೇ ಧೈರ್ಯವಾಗಿ ಹೇಳಿ. ಎರಡನೆಯದಕ್ಕೆ "ಜ್ಞಾನಸ್ನಾನ" ಅಂದರೆ ಸಾಕು. ಆಮೇಲೆ, ಮಗುವನ್ನು ಕ್ರೈಸ್ತ ವಿಶ್ವಾಸದಲ್ಲಿ ಬೆಳೆಸುವ ಹೊಣೆ ಏನು ಅಂತ ಗೊತ್ತಿದೆಯಾ ಎಂದು ಕೇಳುತ್ತಾರೆ. ನೀರು ಹಾಕುವ ಮುಂಚೆ ಇನ್ನೊಂದು ಸುತ್ತು ಪ್ರಶ್ನೆಗಳಿರುತ್ತವೆ. ಸೈತಾನನನ್ನು ತ್ಯಜಿಸುತ್ತೀರಾ, ಪಿತ, ಸುತ, ಪವಿತ್ರಾತ್ಮರನ್ನು ವಿಶ್ವಾಸಿಸುತ್ತೀರಾ ಅಂತ. ಇಲ್ಲಿಯೇ ನಿಮ್ಮಂಥವರು ತಡವರಿಸುವುದು. ಪಕ್ಕದಲ್ಲಿ ಅತ್ತೆ ಮಾವ ನಿಂತಿರುತ್ತಾರೆ, ಹೂಂ ಅಂದುಬಿಡೋಣ ಅನ್ನಿಸುತ್ತದೆ.

ಅನ್ನಬೇಕಾಗಿಲ್ಲ. ಕ್ಯಾಥೊಲಿಕ್ ಅಲ್ಲದ ತಂದೆಯೋ ತಾಯಿಯೋ ಈ ವಿಶ್ವಾಸ ಪ್ರಮಾಣದ ಹೊತ್ತಿಗೆ ಸುಮ್ಮನಿರಬಹುದು ಅಂತ, ಎರಡನೇ ವ್ಯಾಟಿಕನ್ ಮಹಾಸಭೆಯ (ಜಗತ್ತಿನ ಬಿಷಪ್ಪರೆಲ್ಲ ಸೇರಿದ ಸಭೆ) ನಂತರ 1969ರಲ್ಲಿ ಬಂದ ಶಿಶು ಜ್ಞಾನಸ್ನಾನದ ವಿಧಿಯೇ ಹೇಳುತ್ತದೆ. ನಿಮ್ಮಿಂದ ಕೇಳುವುದು ಇಷ್ಟೇ: ಮಗುವಿಗೆ ಆ ವಿಶ್ವಾಸದ ಶಿಕ್ಷಣ ಸಿಗುವಂತೆ ನೋಡಿಕೊಳ್ಳಿ, ಕಡೇಪಕ್ಷ ಅದಕ್ಕೆ ಒಪ್ಪಿಗೆ ಕೊಡಿ. ನಂಬದ ಮಾತನ್ನು ಪೀಠದ ಮುಂದೆ ಹೇಳುವುದಕ್ಕಿಂತ ಸುಮ್ಮನಿರುವುದೇ ಮರ್ಯಾದೆ ಅಂತ ನನ್ನ ಅಭಿಪ್ರಾಯ. ಮುಂಚೆಯೇ ಫಾದರ್‌ಗೆ ಒಂದು ಮಾತು ಹೇಳಿಡಿ. ಅವರಿಗೆ ಇದು ಹೊಸದಲ್ಲ.

ಆದರೆ ಆ ಒಪ್ಪಿಗೆ ಅನ್ನುವುದು ಸಣ್ಣ ವಿಷಯ ಅಂದುಕೊಳ್ಳಬೇಡಿ. ನಿಮ್ಮ ಮದುವೆ ಚರ್ಚಿನ ಅನುಮತಿಯಿಂದ ಆಗಿದ್ದರೆ, ಮಕ್ಕಳನ್ನು ಕ್ಯಾಥೊಲಿಕ್ ಆಗಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಅಂತ ನಿಮ್ಮ ಹೆಂಡತಿ ಆಗಲೇ ಮಾತು ಕೊಟ್ಟಿರುತ್ತಾರೆ. ನಿಮಗೂ ಅದನ್ನು ತಿಳಿಸಿರುತ್ತಾರೆ. ಅದರ ಅರ್ಥ ಮುಂದಿನ ವರ್ಷಗಳಲ್ಲಿ ಗೊತ್ತಾಗುತ್ತದೆ. ಭಾನುವಾರದ ಬಲಿಪೂಜೆ (ಮಾಸ್), ಧರ್ಮೋಪದೇಶದ ತರಗತಿ, ಮೊದಲ ಪರಮಪ್ರಸಾದ (ಕ್ರಿಸ್ತನ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿ), ಆಮೇಲೆ ದೃಢೀಕರಣ (ವಿಶ್ವಾಸವನ್ನು ಗಟ್ಟಿ ಮಾಡುವ ಸಂಸ್ಕಾರ). ಭಾನುವಾರ ಬೆಳಗ್ಗೆ ಅವಳನ್ನು ಚರ್ಚಿಗೆ ಬಿಟ್ಟು ಬರುವವರು ಯಾರು? ನಿಮ್ಮ ಮನೆಯ ಹಬ್ಬ ಅದೇ ದಿನ ಬಂದರೆ? ನಿಮ್ಮಮ್ಮ ಮೊಮ್ಮಗಳನ್ನು ಮನೆದೇವರಿಗೆ ಕರೆದುಕೊಂಡು ಹೋಗುತ್ತೇನೆ ಅಂದರೆ? ಈ ಮಾತುಗಳನ್ನು ಗಂಡ ಹೆಂಡತಿ ಕೂತು ಈಗಲೇ ಆಡಿಕೊಳ್ಳಿ. ಹಾಲ್ ಬುಕ್ ಮಾಡುವುದು, ಕೇಕ್, ಬಿರಿಯಾನಿ, ಇದೆಲ್ಲ ಹೇಗೋ ಆಗುತ್ತದೆ. ತಯಾರಿ ಅಂದರೆ ನನ್ನ ಲೆಕ್ಕದಲ್ಲಿ ಈ ಮಾತುಕತೆಯೇ.

ಇನ್ನು ತಮ್ಮನ ವಿಷಯ. ಆಗುವುದಿಲ್ಲ. ಜ್ಞಾನತಂದೆ (ಗಾಡ್‌ಫಾದರ್) ಅಥವಾ ಜ್ಞಾನತಾಯಿ, ಅಂದರೆ ಮಗುವಿನ ವಿಶ್ವಾಸಕ್ಕೆ ಜೊತೆಯಾಗಿ ನಿಲ್ಲುವವರು, ಕ್ಯಾಥೊಲಿಕ್ ಆಗಿರಬೇಕು, ಪರಮಪ್ರಸಾದ ಮತ್ತು ದೃಢೀಕರಣ ಪಡೆದಿರಬೇಕು, ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು. ಮಗುವಿನ ಸ್ವಂತ ತಂದೆತಾಯಿ ಆಗುವಂತಿಲ್ಲ. 1983ರ ಧರ್ಮಸಭೆಯ ಕಾನೂನು ಹೀಗೆ ಹೇಳುತ್ತದೆ. ಇಬ್ಬರು ಇರಲೇಬೇಕು ಅಂತೇನಿಲ್ಲ, ಒಬ್ಬರಿದ್ದರೂ ನಡೆಯುತ್ತದೆ. ಬೇರೆ ಕ್ರೈಸ್ತ ಸಭೆಯಲ್ಲಿ ಸ್ನಾನ ಪಡೆದವರು ಒಬ್ಬ ಕ್ಯಾಥೊಲಿಕ್ ಜೊತೆ ಸಾಕ್ಷಿಯಾಗಿ ನಿಲ್ಲಬಹುದು. ನಿಮ್ಮ ತಮ್ಮನಿಗೆ ಆ ಜಾಗವೂ ಇಲ್ಲ. ಆದರೆ ಮುಂದಿನ ಸಾಲಿನಲ್ಲಿ ಕೂರಲು ಯಾರ ಅಡ್ಡಿಯೂ ಇಲ್ಲ. ಚಿಕ್ಕಪ್ಪ ಅನ್ನುವ ಸ್ಥಾನವೇನು ಕಡಿಮೆಯಾ? ಇನ್ನು ದುಡ್ಡಿರುವ ನೆಂಟರನ್ನು ನೋಡಿ ಗಾಡ್‌ಫಾದರ್ ಮಾಡುವುದನ್ನು ನಮ್ಮವರಲ್ಲೂ ಕಂಡಿದ್ದೇನೆ. ಚಿನ್ನದ ಸರ ಬರುತ್ತದೆ, ಮನುಷ್ಯ ಮತ್ತೆ ಬರುವುದಿಲ್ಲ.

ಕೂಸಿಗೆ ಪಾಪ ಎಲ್ಲಿಯದು ಅನ್ನುವುದು ನ್ಯಾಯವಾದ ಪ್ರಶ್ನೆ. ನಿಮ್ಮ ಮಗಳು ಏನೋ ತಪ್ಪು ಮಾಡಿದ್ದಾಳೆ ಅಂತ ಧರ್ಮಸಭೆ ಹೇಳುವುದಿಲ್ಲ. ಜನ್ಮಪಾಪ ಅಂದರೆ ಮಗು ಮಾಡಿದ ಕೆಲಸವಲ್ಲ, ಮನುಷ್ಯರೆಲ್ಲ ಹುಟ್ಟುವ ಒಂದು ಸ್ಥಿತಿ; ಮೊದಲ ಮನುಷ್ಯ ಆದಾಮ ಕಳೆದುಕೊಂಡ, ದೇವರೊಂದಿಗಿನ ಆ ನಂಟು ಇಲ್ಲದೆ ಹುಟ್ಟುವುದು. ಅಪ್ಪ ಕಳೆದುಕೊಂಡ ಹೊಲ ಮಕ್ಕಳಿಗೆ ಸಿಗುವುದಿಲ್ಲವಲ್ಲ, ಹಾಗೆ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವೂ ಇದನ್ನು ಬಿಡಿಸಿ ಹೇಳುತ್ತದೆ. ಜ್ಞಾನಸ್ನಾನ ಆ ನಂಟನ್ನು ಮತ್ತೆ ಕೊಡುತ್ತದೆ, ಮಗುವನ್ನು ಧರ್ಮಸಭೆಗೆ ಸೇರಿಸುತ್ತದೆ ಅನ್ನುವುದು ನಮ್ಮ ನಂಬಿಕೆ. ಜೀವನದಲ್ಲಿ ಒಂದೇ ಸಲ, ಮತ್ತೆ ಕೊಡುವುದಿಲ್ಲ.

ಒಂದು ವಿಷಯ ಕೇಳಿ ನಿಮಗೆ ಆಶ್ಚರ್ಯ ಆಗಬಹುದು. ಮಗುವಿನ ಜೀವಕ್ಕೇ ಅಪಾಯ ಇದ್ದರೆ, ಹತ್ತಿರ ಗುರುಗಳಿಲ್ಲದಿದ್ದರೆ, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಆಸ್ಪತ್ರೆಯ ನರ್ಸ್ ಕೊಡಬಹುದು, ಹಿಂದೂ ಆದ ನೀವೂ ಕೊಡಬಹುದು. ಧರ್ಮಸಭೆ ಮಾಡುವುದನ್ನೇ ಮಾಡುತ್ತಿದ್ದೇನೆ ಅನ್ನುವ ಮನಸ್ಸಿರಬೇಕು. ತಲೆಯ ಮೇಲೆ ನೀರು ಹಾಕುತ್ತಾ "ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಅನ್ನಬೇಕು. ಆ ಮಾತನ್ನು ಬದಲಿಸುವಂತಿಲ್ಲ. ಅಮೆರಿಕದ ಫೀನಿಕ್ಸ್‌ನಲ್ಲಿ ಒಬ್ಬ ಗುರುಗಳು ವರ್ಷಗಟ್ಟಲೆ "ನಾನು" ಬದಲು "ನಾವು" ಅನ್ನುತ್ತಿದ್ದರು. ಆ ಸ್ನಾನಗಳು ಊರ್ಜಿತವಲ್ಲ ಅಂತ 2022ರಲ್ಲಿ ಅಲ್ಲಿನ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತ) ಪ್ರಕಟಿಸಬೇಕಾಯಿತು.

ನಿಮ್ಮ ಕಡೆಯ ನೆಂಟರಿಗೆ ಒಂದು ಮಾತು ಮುಂಚೆ ಹೇಳಿ. ಸ್ನಾನ ಬಲಿಪೂಜೆಯ ನಡುವೆ ಇದ್ದರೆ, ಪರಮಪ್ರಸಾದಕ್ಕೆ ಎಲ್ಲರೂ ಸಾಲು ನಿಲ್ಲುತ್ತಾರೆ. ದೇವಸ್ಥಾನದ ಪ್ರಸಾದದ ಥರ ಅಂದುಕೊಂಡು ಅವರೂ ನಿಂತುಬಿಡುತ್ತಾರೆ, ಪಾಪ. ಅದು ಕ್ಯಾಥೊಲಿಕರಿಗೆ ಮಾತ್ರ. ಅಲ್ಲಿ ಬೇಡ ಅನ್ನಿಸಿಕೊಂಡರೆ ಅವರಿಗೂ ಮುಜುಗರ, ನಿಮಗೂ ಮುಜುಗರ. ಆ ಹೊತ್ತಿನಲ್ಲಿ ಕೂತೇ ಇರಿ ಅಂತ ಮನೆಯಲ್ಲೇ ಹೇಳಿಬಿಡಿ.

ಕಾಗದಪತ್ರ ಒಂದೊಂದು ಚರ್ಚಿನಲ್ಲಿ ಒಂದೊಂದು ಥರ. ಜನನ ಪ್ರಮಾಣಪತ್ರ, ನಿಮ್ಮ ಮದುವೆಯ ಪತ್ರ, ಜ್ಞಾನತಂದೆ ಬೇರೆ ಧರ್ಮಕೇಂದ್ರದವರಾದರೆ ಅಲ್ಲಿಂದ ಒಂದು ಪತ್ರ, ಇಷ್ಟನ್ನು ಸಾಮಾನ್ಯವಾಗಿ ಕೇಳುತ್ತಾರೆ. ಹೆಸರು ಸಂತರದ್ದೇ ಆಗಬೇಕು ಅನ್ನುವ ಕಟ್ಟುಪಾಡು ಈಗಿಲ್ಲ, ಕ್ರೈಸ್ತ ಭಾವನೆಗೆ ವಿರುದ್ಧ ಇರದಿದ್ದರೆ ಸಾಕು. ಜ್ಯೋತಿ ಅಂತಲೋ ಕರುಣಾ ಅಂತಲೋ ಇಟ್ಟರೆ ಎರಡೂ ಮನೆಯವರಿಗೆ ಖುಷಿ. ಎದೆಗೆ ಎಣ್ಣೆ ಹಚ್ಚುವುದಿರುತ್ತದೆ, ಹಾಗಾಗಿ ಮುಂದೆ ಗುಂಡಿ ಇರುವ ಬಟ್ಟೆ ಹಾಕಿ. ಚರ್ಚಿನ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಬರೆಯುವ ಹೆಸರು ಜನನ ಪ್ರಮಾಣಪತ್ರದ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ಅವಳ ದೃಢೀಕರಣ, ಮದುವೆ ಎಲ್ಲ ಮುಂದೆ ಅದೇ ಪುಟಕ್ಕೆ ಸೇರುತ್ತವೆ. ಊಟಕ್ಕೆ ಹೊರಡುವ ಮುಂಚೆ ಆಫೀಸಿಗೆ ಹೋಗಿ ಅದನ್ನೊಮ್ಮೆ ನೀವೇ ಓದಿ ನೋಡಿ.