ವೀಕ್ಷಣಾ ಬಾವಿ ಕೊರೆಯುವಾಗ 9 ಮೀಟರ್ ಆಳದಿಂದ ಬಳಚಿನ ಚಿಪ್ಪು ಬಂದದ್ದು ಹೇಗೆ?

ಸದಾಶಿವಗಡದ ಬಳಿ, ಕಾಳಿ ನದಿಯ ದಂಡೆಯಿಂದ ಕೂಗಳತೆಯ ದೂರದಲ್ಲಿ, ಅಂತರ್ಜಲದ ಮಟ್ಟ ಅಳೆಯಲೆಂದು ಕೊರೆದ ಬಾವಿಯ ಪದರಪಟ್ಟಿಯನ್ನು ನೀವು ಪ್ರಶ್ನೆಯೊಂದಿಗೆ ಬರೆದಿದ್ದೀರಿ: ಮೇಲಿನ 7 ಮೀಟರ್ ಹಳದಿ ಮರಳು, 7ರಿಂದ 13ರವರೆಗೆ ಚಿಪ್ಪು ಬೆರೆತ ಕಪ್ಪು ಜೇಡಿ, 13ರಿಂದ 16ರವರೆಗೆ ಗರಸು ಮರಳು, 16ರಿಂದ 22ರವರೆಗೆ ‘ಕೊಳೆತ ಕಲ್ಲು’, ಅಲ್ಲಿಂದ 40ರವರೆಗೆ ಗಟ್ಟಿ ಶಿಲೆ, ನಡುವೆ 31ರಲ್ಲಿ ಒಂದು ಬಿರುಕು. ಬಳಚಿನ, ಅಂದರೆ ನದೀಮುಖದ ಕೆಸರಿನಲ್ಲಿ ಬದುಕುವ ಮೃದ್ವಂಗಿಯ, ಚಿಪ್ಪು ಅಷ್ಟು ಆಳಕ್ಕೆ ಹೋದದ್ದು ಹೇಗೆ, ಶಿರಸಿಯಲ್ಲಿ ನಿಮ್ಮ ಮಾವನವರ ತೋಟದ ಬಾವಿಯಲ್ಲಿ ಇದಾವುದೂ ಇಲ್ಲದೆ ಕೆಂಪು ಕಲ್ಲು (ಜಂಬಿಟ್ಟಿಗೆ) ಮತ್ತು ಶೇಡಿ ಎಂಬ ಮೆತ್ತನೆಯ ಬಿಳಿಚ ಜೇಡಿ ಮಾತ್ರ ಸಿಕ್ಕಿದ್ದೇಕೆ, 40 ಮೀಟರ್ ಕೊರೆದ ಮೇಲೆ 13ರಿಂದ 16ರ ನಡುವಿನ ಮೂರು ಮೀಟರಿಗೆ ಮಾತ್ರ ಸೀಳುಪೈಪ್ (ನೀರು ಒಳಬರಲು ಸೀಳುಗಳಿರುವ ಪೈಪ್) ಇಳಿಸಿ ಉಳಿದದ್ದನ್ನೆಲ್ಲ ಮುಚ್ಚಿದ್ದು ದುಂದಲ್ಲವೇ ಎಂದು ಕೇಳಿದ್ದೀರಿ. ಈ ಜಿಲ್ಲೆಯಲ್ಲಿ ಹಲವು ವರ್ಷ ಕೊರೆಯುವ ಯಂತ್ರದ ಪಕ್ಕದಲ್ಲಿ ನಿಂತು ಮಾದರಿಯ ಚೀಲಗಳನ್ನು ತುಂಬಿದವನಾದ್ದರಿಂದ ಉತ್ತರಿಸುತ್ತಿದ್ದೇನೆ.

ಮೊದಲಿಗೆ ಆ ಪಟ್ಟಿ ಹುಟ್ಟುವ ಬಗೆಯನ್ನು ತಿಳಿಯಬೇಕು. ನದೀಮುಖದ ಸಡಿಲ ಮರಳಿನಲ್ಲಿ ರಂಧ್ರ ಕುಸಿಯದಂತೆ ಬೆಂಟೊನೈಟ್ ಎಂಬ ಉಬ್ಬುವ ಜೇಡಿ ಕಲಸಿದ ಕೆಸರುನೀರನ್ನು ಸುತ್ತಿಸುತ್ತ ರೋಟರಿ ಯಂತ್ರದಲ್ಲಿ ಕೊರೆಯುತ್ತಾರೆ. ಕಲ್ಲು ಸಿಕ್ಕ ಮೇಲೆ ಗೋಡೆ ಕುಸಿಯದಂತೆ ಕೇಸಿಂಗ್ ಪೈಪು ಇಳಿಸಿ, ಕಂಪ್ರೆಸರಿನ ಗಾಳಿಯಿಂದ ನಡೆಯುವ ಸುತ್ತಿಗೆಗೆ ಬದಲಾಯಿಸುತ್ತಾರೆ. ಎರಡರಲ್ಲೂ ಮೇಲೆ ಬರುವುದು ಪದರದ ಪುಡಿಯೇ ಹೊರತು ಪದರವಲ್ಲ. ಕೆಸರುನೀರಿನಲ್ಲಿ 15 ಮೀಟರ್ ಆಳದ ಮರಳು ಮೇಲೇರಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಬಿಟ್ (ಕೊರೆಯುವ ಮೊನೆ) ಇನ್ನಷ್ಟು ಕೆಳಗಿಳಿದಿರುತ್ತದೆ, ಜೊತೆಗೆ ಮೇಲಿನ ಗೋಡೆಯಿಂದ ಉದುರಿದ ಮರಳೂ ಅದರಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ‘7 ಮೀಟರ್’ ಎಂದಿರುವುದನ್ನು ಆರೂವರೆಯಿಂದ ಏಳೂವರೆಯೊಳಗೆ ಎಲ್ಲೋ ಎಂದು ಓದಿಕೊಳ್ಳುವುದು ಕ್ಷೇಮ.

ಈ ಮಾತನ್ನು ನಾನು ಕಲಿತದ್ದು ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ನದಿಯ ದಂಡೆಯ ಒಂದು ಬಾವಿಯಲ್ಲಿ, ನನ್ನದೇ ತಪ್ಪಿನಿಂದ. ಎರಡು ಮರಳಿನ ಪದರಗಳ ನಡುವೆ ಆಳೆತ್ತರಕ್ಕಿಂತ ತೆಳುವಾದ ಜೇಡಿಯೊಂದಿತ್ತು. ಜೇಡಿ ಕೆಸರುನೀರಿನಲ್ಲಿ ಕರಗಿಹೋದುದರಿಂದ ಜರಡಿಯಲ್ಲಿ ಏನೂ ಉಳಿಯಲಿಲ್ಲ. ಯಂತ್ರ ನಡೆಸುತ್ತಿದ್ದವನು “ಇಲ್ಲಿ ಬಿಟ್ ಅಂಟ್ತಾ ಇದೆ ಸಾರ್” ಎಂದು ಹೇಳಿದ್ದನ್ನು ಕೇಳಿಸಿಕೊಂಡೂ ನಾನು ಬರೆದುಕೊಳ್ಳಲಿಲ್ಲ. ಪಟ್ಟಿಯಲ್ಲಿ ಒಂದೇ ಉದ್ದನೆಯ ಮರಳು ಎಂದಾಯಿತು, ಸೀಳುಪೈಪು ಎರಡೂ ಮರಳಿಗೆ ಬಾಯಿ ತೆರೆದು ನಿಂತಿತು. ಮಳೆಗಾಲ ಬಂದಾಗ ಅದರಲ್ಲಿ ಕಂಡ ನೀರಿನ ಮಟ್ಟ ಮೇಲಿನ ಮರಳಿನದ್ದೂ ಆಗಿರಲಿಲ್ಲ, ಕೆಳಗಿನದ್ದೂ ಆಗಿರಲಿಲ್ಲ. ಬಾವಿಯೇ ಒಂದು ಕೊಳವೆಯಾಗಿ ಮೇಲಿನ ನೀರನ್ನು ಕೆಳಕ್ಕೆ ಸುರಿಯುತ್ತಿತ್ತು. ಕೊನೆಗೆ ಅದನ್ನು ಸಿಮೆಂಟ್ ತುಂಬಿ ಮುಚ್ಚಬೇಕಾಯಿತು. ಅಂದಿನಿಂದ ಯಂತ್ರದವನ ಮಾತು, ರಾಡ್ ಇಳಿಯಲು ಹಿಡಿದ ನಿಮಿಷಗಳು, ಸದ್ದಿನ ಬದಲಾವಣೆ ಇವನ್ನೆಲ್ಲ ಚೀಲದ ಮಣ್ಣಿನಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳುತ್ತೇನೆ.

ಈಗ ಚಿಪ್ಪಿನ ವಿಷಯ. ಚಿಪ್ಪು ಕೆಳಗೆ ಹೋಗಿಲ್ಲ. ಅದು ಬದುಕಿದ್ದ ನೆಲ ಅಲ್ಲೇ ಇತ್ತು, ಮೇಲಿನದ್ದು ಆಮೇಲೆ ಬಂತು. ಸುಮಾರು 20,000 ವರ್ಷಗಳ ಹಿಂದೆ, ಭೂಮಿಯ ನೀರಿನಲ್ಲಿ ಇಂದಿಗಿಂತ ಹೆಚ್ಚಿನ ಪಾಲು ಹಿಮವಾಗಿ ಹೆಪ್ಪುಗಟ್ಟಿದ್ದಾಗ, ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ದಡವು ಪಡುವಣಕ್ಕೆ ಬಹಳ ದೂರ ಸರಿದಿತ್ತು, ಕಾಳಿಯೂ ಇಂದಿನ ಸಮುದ್ರತಳದ ಮೇಲೆ ಹರಿದು ಮುಂದೆ ಹೋಗುತ್ತಿತ್ತು. ತಗ್ಗಿನ ಸಮುದ್ರವನ್ನು ಸೇರುವ ನದಿ ತನ್ನ ಕಣಿವೆಯನ್ನು ಆಳವಾಗಿ ಕೊರೆಯುತ್ತದೆ, ದೊಡ್ಡ ಕಲ್ಲು ಗರಸುಗಳನ್ನು ತಳದಲ್ಲಿ ಬಿಡುತ್ತದೆ. ನಿಮ್ಮ 13ರಿಂದ 16ರವರೆಗಿನ ಪದರ ಅಂಥ ಹಳೆಯ ಹೊಳೆತಳವೆಂದು ನಾನು ಓದುತ್ತೇನೆ. ಹಿಮ ಕರಗಿ ಸಮುದ್ರ ಮೇಲೇರಿದಾಗ ಉಪ್ಪುನೀರು ಕಣಿವೆಯೊಳಗೆ ನುಗ್ಗಿತು. ನೀರು ನಿಧಾನವಾದಲ್ಲಿ ಸಣ್ಣ ಮಣ್ಣು ತಳಕ್ಕಿಳಿಯುತ್ತದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಎಲೆ ಬೇರು ಅದರಲ್ಲಿ ಹೂತುಹೋಗುತ್ತವೆ, ಗಾಳಿ ತಾಗದೆ ಕೊಳೆತು ಕಪ್ಪಾಗುತ್ತವೆ. ಆ ಜೇಡಿ ಮೇಲೆ ಬಂದಾಗ ಕೊಳೆತ ಮೊಟ್ಟೆಯ ವಾಸನೆ ಬಂದಿತ್ತೇ ಎಂದು ಅಲ್ಲಿದ್ದವರನ್ನು ಕೇಳಿನೋಡಿ, ಬಂದಿರುತ್ತದೆ. ಇಂದು ಅಘನಾಶಿನಿಯ ಮುಖದಲ್ಲಿ ಕುಮಟೆಯ ಜನ ಬಳಚು ಹೆಕ್ಕುವ ಕೆಸರು ಹೇಗಿದೆಯೋ ನಿಮ್ಮ 9 ಮೀಟರಿನ ನೆಲವೂ ಒಂದು ಕಾಲಕ್ಕೆ ಹಾಗೆಯೇ ಇತ್ತು. ಸಮುದ್ರ ಇಂದಿನ ಮಟ್ಟಕ್ಕೆ ಹತ್ತಿರವಾದ ಮೇಲೆ, ಕಳೆದ ಆರೇಳು ಸಾವಿರ ವರ್ಷಗಳಲ್ಲಿ, ಅಲೆ ಮತ್ತು ನದಿ ಸೇರಿ ಅದರ ಮೇಲೆ ಮರಳಿನ ದಿಬ್ಬ ಕಟ್ಟಿವೆ.

ಪಟ್ಟಿಯಲ್ಲಿ 16 ಮೀಟರಿನಲ್ಲಿ ಎಳೆದಿರುವ ಗೆರೆಯನ್ನು ಮಾತ್ರ ನೀವು ಸ್ವಲ್ಪ ಹೊತ್ತು ನೋಡಬೇಕು. ಅದರ ಮೇಲಿನದ್ದು ನಿನ್ನೆ ಮೊನ್ನೆಯದು, ಕೆಳಗಿನ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ 250 ಕೋಟಿ ವರ್ಷಕ್ಕಿಂತ ಹಳೆಯದು. ನಡುವಿನ ಕಾಲದ ಲೆಕ್ಕವೆಲ್ಲ ಸವೆದುಹೋಗಿದೆ. ‘ಕೊಳೆತ ಕಲ್ಲು’ ಎಂಬ ಮಾತು ಯಂತ್ರದವರದ್ದು, ಆದರೆ ತಪ್ಪಲ್ಲ: ಗ್ರಾನೈಟಿನ ಫೆಲ್ಡ್‌ಸ್ಪಾರ್ ನೀರು ತಾಗಿ ತಾಗಿ ಬಿಳಿ ಜೇಡಿಯಾಗುತ್ತದೆ, ಅಭ್ರಕ ಕಂದು ಬಣ್ಣಕ್ಕೆ ತಿರುಗುತ್ತದೆ, ಕ್ವಾರ್ಟ್ಸ್ ಮಾತ್ರ ಜಗ್ಗದೆ ಉಳಿಯುತ್ತದೆ. ಬಿಳಿ ಪುಡಿ ನೀರಿನಲ್ಲಿ ತೊಳೆದುಹೋಗಿ ಕೈಗೆ ಕ್ವಾರ್ಟ್ಸ್ ಹರಳುಗಳಷ್ಟೇ ಸಿಗುವುದರಿಂದ ಇದನ್ನು ಮರಳೆಂದು ಬರೆದುಬಿಡುವವರು ಬಹಳ. ಹರಳನ್ನು ಬೆರಳ ನಡುವೆ ಉರುಳಿಸಿದರೆ ತಿಳಿಯುತ್ತದೆ. ಹೊಳೆಯಲ್ಲಿ ಉರುಳಿ ಬಂದದ್ದರ ಅಂಚು ಮೊಂಡಾಗಿರುತ್ತದೆ, ಬಂಡೆಯಿಂದ ಈಗಷ್ಟೇ ಬಿಡಿಸಿದ್ದು ಚುಚ್ಚುತ್ತದೆ. ಹಾಗೆ ನೋಡಿದರೆ ನಿಮ್ಮ ಪಟ್ಟಿಯಲ್ಲಿ ‘ಗರಸು ಮರಳು’ ಎಂದಷ್ಟೇ ಬರೆದು ಕಣದ ಆಕಾರವನ್ನು ಹೇಳದೆ ಬಿಟ್ಟದ್ದು ನನಗೆ ಸಮಾಧಾನ ತರಲಿಲ್ಲ. 16ರ ಗೆರೆ ನಿಂತಿರುವುದೇ ಆ ಒಂದು ಗುರುತಿನ ಮೇಲೆ.

ಶಿರಸಿಯ ಕಥೆ ಬೇರೆ. ಘಟ್ಟದ ಮೇಲೆ ಸಮುದ್ರ ಬರಲಿಲ್ಲ, ನದಿ ಮಣ್ಣು ತಂದು ಹಾಕಲಿಲ್ಲ. ಅಲ್ಲಿನ ಪದರಗಳೆಲ್ಲ ತಳದ ಶಿಲೆಯೇ ನಿಂತಲ್ಲಿ ಮಾಗಿ ಆದವು. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ, ಅದರ ಕೆಳಗೆ ಅರೆಮಾಗಿದ ಪದರುಗಲ್ಲು, ಕೊನೆಗೆ ಗಟ್ಟಿ ಶಿಲೆ. ಹೇರಳ ಮಳೆ ಸಿಲಿಕಾವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಮೇಲೆ ಉಳಿಸಿದ ಗಟ್ಟಿ ಟೊಪ್ಪಿಗೆಯೇ ಜಂಬಿಟ್ಟಿಗೆ. 1800–01ರಲ್ಲಿ ಕೆನರಾ ಜಿಲ್ಲೆಯನ್ನೂ ಸುತ್ತಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ವರದಿಯಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಇಟ್ಟಿಗೆ ಎಂದು, ನಮ್ಮ ಹೆಸರಿನೊಳಗೂ ಇಟ್ಟಿಗೆ ಕುಳಿತಿದೆ. ಮನೆಯ ಗೋಡೆಗೆ ಶೇಡಿ ಕೆಮ್ಮಣ್ಣು ಬಳಿದು ಬೆಳೆದವರಿಗೆ ಈ ಎರಡು ಪದರಗಳ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಿಲ್ಲ. ಜಂಬಿಟ್ಟಿಗೆಯ ತೂತುಗಳಲ್ಲಿ ನೀರು ಬೇಗ ಓಡುತ್ತದೆ, ಆದ್ದರಿಂದ ಅಲ್ಲಿನ ತೆರೆದ ಬಾವಿ ಜುಲೈಯಲ್ಲಿ ತುಂಬಿ ಮಾರ್ಚ್ ಏಪ್ರಿಲ್‌ಗೆ ಒಣಗುತ್ತದೆ. ಶೇಡಿ ಬಹಳ ನೀರನ್ನು ಹೀರಿಕೊಂಡರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೇಸಿಗೆಯ ನೀರು ಸಾಮಾನ್ಯವಾಗಿ ಶೇಡಿಯ ಅಡಿಯ ಅರೆಮಾಗಿದ ಕಲ್ಲಿನಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಸಿಗುತ್ತದೆ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಕುಡಿಯುವ ನೀರಿನ ಕೊಳವೆಬಾವಿಗೆ ಎಲ್ಲೆಲ್ಲಿ ನೀರಿದೆಯೋ ಅಲ್ಲೆಲ್ಲ ಬಾಯಿ ತೆರೆದರೆ ಲಾಭ. ವೀಕ್ಷಣಾ ಬಾವಿಗೆ ಅದು ವಿಷ. ಅದು ಒಂದು ಪದರದ ಮಾತನ್ನು ಮಾತ್ರ ಕೇಳಬೇಕು, ಆದ್ದರಿಂದ ಗಟ್ಟಿ ಶಿಲೆಯ ಭಾಗವನ್ನು ತಳದಿಂದ ಮುಚ್ಚಿಕೊಂಡು ಬಂದು, ಗರಸಿನ ಎದುರು ಸೀಳುಪೈಪ್ ನಿಲ್ಲಿಸಿ, ಅದರ ಸುತ್ತ ಜಲ್ಲಿಮರಳು ತುಂಬಿ, ಮೇಲೆ ಬೆಂಟೊನೈಟ್ ಗುಳಿಗೆಗಳ ಮುದ್ರೆ ಹಾಕಿದ್ದಾರೆ. ಆ ಗುಳಿಗೆಗಳು ನೀರು ಕುಡಿದು ಉಬ್ಬಿ, ಕೊರೆತ ತೂತುಮಾಡಿದ ಕಪ್ಪು ಜೇಡಿಯನ್ನು ಮತ್ತೆ ಹೊಲಿದಂತೆ ಮಾಡುತ್ತವೆ. 40 ಮೀಟರಿನವರೆಗೆ ಹೋದದ್ದು ಕೆಳಗೇನಿದೆ ಎಂದು ತಿಳಿಯಲು. 31ರ ಬಿರುಕನ್ನೂ ಅಳೆಯಬೇಕೆಂದರೆ ಪಕ್ಕದಲ್ಲೇ ಇನ್ನೊಂದು ಬಾವಿ ಕೊರೆಯುವುದು ಸರಿಯಾದ ದಾರಿ.

ಗರಸನ್ನೇ ಆರಿಸಿದ್ದಕ್ಕೆ ಕಾರಣ ಉಪ್ಪು. ಸಮುದ್ರದ ನೀರಿನ ಸಾಂದ್ರತೆ ಸುಮಾರು 1.025, ಸಿಹಿನೀರಿನದ್ದು 1. ಈ ಅಲ್ಪ ವ್ಯತ್ಯಾಸದಿಂದಾಗಿ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ನಿಂತ ಸಿಹಿನೀರು ತನ್ನ ಕೆಳಗೆ ಸುಮಾರು 40 ಮೀಟರ್ ಸಿಹಿನೀರನ್ನು ಹಿಡಿದು ನಿಲ್ಲಿಸಬಲ್ಲದು. ಲೆಕ್ಕ ಕೇಳಲು ಹಿತವಾಗಿದೆ, ಆದರೆ ತಿರುಗಿಸಿ ಓದಿ: ಬೇಸಿಗೆಯಲ್ಲಿ ಪಂಪುಗಳು ಎಳೆದೆಳೆದು ಆ ಎತ್ತರ 30 ಸೆಂಟಿಮೀಟರಿಗೆ ಇಳಿದರೆ ಸಿಹಿ ಉಳಿಯುವುದು ಸಮುದ್ರಮಟ್ಟದಿಂದ 12 ಮೀಟರ್ ಆಳದವರೆಗೆ ಮಾತ್ರ, ಅಂದರೆ ನಿಮ್ಮ ಗರಸಿನ ಪದರವನ್ನು ಉಪ್ಪು ಮುಟ್ಟಿದ ಹಾಗೆಯೇ. ಮೇಲಿನ ಜೇಡಿ ಈ ಲೆಕ್ಕವನ್ನು ಸ್ವಲ್ಪ ಹಿಂದು ಮುಂದು ಮಾಡುತ್ತದೆ, ನಿಜ. ಆದರೂ ಉಪ್ಪು ಒಳಬರುವ ದಾರಿ ಆ ಹಳೆಯ ಹೊಳೆತಳವೇ, ಏಕೆಂದರೆ ಅದು ಸಮುದ್ರದಡಿಯಲ್ಲೂ ಮುಂದುವರಿದಿರುವ ಸಂಭವವಿದೆ. ಮೇಲಿನ ಮರಳಿನ ನಿಮ್ಮ ತೆರೆದ ಬಾವಿ ಇನ್ನೂ ಸಿಹಿಯಾಗಿರುವಾಗಲೇ ಈ ಮೂರು ಮೀಟರ್ ಉಪ್ಪಾಗತೊಡಗಿದ್ದನ್ನು ಉಪ್ಪು ಹೆಚ್ಚಿದಂತೆ ಏರುವ, ಪೈಪಿನೊಳಗಿನ ನೀರಿನ ವಿದ್ಯುತ್ ವಾಹಕತೆ ಹೇಳಿಬಿಡುತ್ತದೆ.

ಒಂದು ಮಾತು ಉಳಿದಿದೆ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ, ಒಳನಾಡಿನ ಬಾವಿಗೆ ಅದು ಬಹುತೇಕ ಸಾಕು. ನಿಮ್ಮದು ಭರತ–ಇಳಿತಕ್ಕೆ ದಿನಕ್ಕೆ ಎರಡು ಬಾರಿ ಉಸಿರಾಡುವ ಬಾವಿ. ಊರಿನವರು ಯಾರಾದರೂ ಟೇಪು ಇಳಿಸಿ ನೋಡುವ ಅಭ್ಯಾಸ ಇಟ್ಟುಕೊಂಡರೆ ತಾರೀಖಿನ ಜೊತೆ ಗಂಟೆಯನ್ನೂ, ಆಗ ಕಾಳಿಯಲ್ಲಿ ಭರತವಿತ್ತೋ ಇಳಿತವಿತ್ತೋ ಎಂಬುದನ್ನೂ ಬರೆಯಲಿ. ಹಾಗೆಯೇ 13ರಿಂದ 16ರ ಮಾದರಿಯ ಚೀಲ ಇನ್ನೂ ಎಸೆಯದೆ ಉಳಿದಿದ್ದರೆ ಒಂದು ಹಿಡಿ ತೊಳೆದು ಒಣಗಿಸಿ, ಹಗಲು ಬೆಳಕಿನಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಾಕಿ. ಹರಳಿನ ಅಂಚು ಮೊಂಡೋ ಚೂಪೋ ಎಂದು ನೋಡಿ ಹೇಳುತ್ತೇನೆ.