ಸಿಯೆರಾ ನೆವಾಡಾದಲ್ಲಿ ಒಂದು ವಾರದ ಚಾರಣ, ಜೊತೆಗೆ ಕೆಲವು ಶಿಖರಗಳು: ಪ್ಲಾನ್ ಮಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಊರಲ್ಲಿದ್ದಾಗ ಕುಮಾರಪರ್ವತ, ಕುದುರೆಮುಖ ಹತ್ತಿದ್ದೀರಿ. ಈಗ ಕ್ಯಾಲಿಫೋರ್ನಿಯಾದಲ್ಲಿದ್ದೀರಿ. ಇಬ್ಬರು ಗೆಳೆಯರ ಜೊತೆ ಅಲ್ಲಿನ ಸಿಯೆರಾ ನೆವಾಡಾ ಬೆಟ್ಟಸಾಲಿನ ಒಳಗೆ ಒಂದು ವಾರ ನಡೆದು, ದಾರಿಯಲ್ಲಿ ನಾಲ್ಕೈದು ಶಿಖರ ಹತ್ತುವ ಆಸೆ. ಯಾವ ದಾರಿ, ಯಾವ ಶಿಖರ, ಎಲ್ಲಿಂದ ಶುರು?

ಮೊದಲು ಶಿಖರಗಳ ಪಟ್ಟಿ ಪಕ್ಕಕ್ಕಿಡಿ. ಸಿಯೆರಾ ಕ್ಲಬ್ ಎಂಬ ಪರಿಸರ, ಚಾರಣ ಸಂಸ್ಥೆಯವರ 247 ಶಿಖರಗಳ ಪಟ್ಟಿಯೊಂದಿದೆ, ಅದಕ್ಕೆ ಒಂದೊಂದಾಗಿ ಟಿಕ್ ಹಾಕುತ್ತಾ ಹೋಗುವ ಹುಚ್ಚು ತುಂಬಾ ಜನಕ್ಕಿದೆ, ನನಗೂ ಇದೆ. ಆದರೆ ಪಟ್ಟಿ ನೋಡಿ ದಾರಿ ಹಾಕಬೇಡಿ. ಪಾಸ್‌ಗಳನ್ನು, ಅಂದರೆ ಶಿಖರಗಳ ನಡುವೆ ಬೆಟ್ಟಸಾಲು ದಾಟುವ ತಗ್ಗುಗಳನ್ನು, ನೋಡಿ ಹಾಕಿ. ಭಾರ ಹೊತ್ತು ಪಾಸ್‌ವರೆಗೆ ಹೇಗೂ ಹತ್ತಲೇಬೇಕು. ಅಲ್ಲಿ ಬ್ಯಾಗ್ ಇಳಿಸಿ, ನೀರು, ಜಾಕೆಟ್, ಮ್ಯಾಪ್ ಮಾತ್ರ ಹಿಡಿದು ಪಕ್ಕದ ಶಿಖರಕ್ಕೆ ಹೋಗಿ ಬರಬಹುದು. ಮೋಡ ಕಟ್ಟಿತೋ, ಯಾರಿಗಾದರೂ ತಲೆನೋವು ಬಂತೋ, ಶಿಖರ ಬಿಟ್ಟು ಮುಂದೆ ಹೋದರಾಯಿತು. ಬಿಡೋಕೆ ಆಗದ ಶಿಖರವನ್ನು ಪ್ಲಾನ್‌ಗೆ ಸೇರಿಸಲೇಬೇಡಿ.

ನಿಮಗೆ ನಾನು ಹೇಳುವ ದಾರಿ ಬಿಷಪ್ ಊರಿನ ಮೇಲಿರುವ ನಾರ್ತ್ ಲೇಕ್‌ನಿಂದ ಸೌತ್ ಲೇಕ್. ಸುಮಾರು 88 ಕಿಲೋಮೀಟರ್. ಪಿಯೂಟ್ ಪಾಸ್ (11,423 ಅಡಿ) ದಾಟಿ, ಪಿಯೂಟ್ ಕಣಿವೆ ಇಳಿದು ಜಾನ್ ಮ್ಯೂರ್ ಟ್ರೈಲ್ ಎಂಬ ಉದ್ದದ ಚಾರಣದಾರಿ ಸೇರುತ್ತೀರಿ. ಅಲ್ಲಿಂದ ಎವಲ್ಯೂಷನ್ ಕಣಿವೆ ಹತ್ತಿ ಮ್ಯೂರ್ ಪಾಸ್ (11,955 ಅಡಿ). ಮತ್ತೆ ಲೆಕಾಂಟ್ ಕಣಿವೆಗೆ ಇಳಿದು, ಡ್ಯೂಸಿ ಬೇಸಿನ್ (ಬಟ್ಟಲಿನಂಥ ಎತ್ತರದ ಬಯಲು) ಮೇಲಿಂದ ಬಿಷಪ್ ಪಾಸ್ (11,972 ಅಡಿ) ದಾಟಿದರೆ ಸೌತ್ ಲೇಕ್. ಉಲ್ಟಾ ಹೋಗುವವರೂ ಇದ್ದಾರೆ. ನನಗೆ ಈ ದಿಕ್ಕೇ ಸರಿ. ಬ್ಯಾಗ್ ಅತಿ ಭಾರ ಇರುವ ಮೊದಲ ದಿನ ಪಿಯೂಟ್ ಪಾಸ್‌ನ ಏರು ಮೆತ್ತಗಿದೆ. ಲೆಕಾಂಟ್‌ನಿಂದ ಬಿಷಪ್ ಪಾಸ್‌ಗೆ ಮೂರು ಸಾವಿರ ಅಡಿಗೂ ಜಾಸ್ತಿ ಏರು ಬರುವ ಹೊತ್ತಿಗೆ ಊಟ ಮುಕ್ಕಾಲು ಖಾಲಿಯಾಗಿರುತ್ತದೆ.

ಶಿಖರಗಳು ಮೂರು ಸಾಕು. ಪಿಯೂಟ್ ಪಾಸ್ ದಾಟಿದರೆ ಸಿಗುವ ಹಂಫ್ರೀಸ್ ಬೇಸಿನ್‌ನಲ್ಲಿ ಪೈಲಟ್ ನಾಬ್ (12,245 ಅಡಿ) ಕಾಲು ಪಳಗಿಸಿಕೊಳ್ಳೋಕೆ. ಮ್ಯೂರ್ ಪಾಸ್ ಹತ್ತಿರ ಬ್ಲ್ಯಾಕ್ ಜೈಂಟ್ (13,330 ಅಡಿ). ನೋಟದ ವಿಷಯಕ್ಕೆ ಇಡೀ ದಾರಿಯಲ್ಲಿ ನನ್ನ ಓಟು ಇದಕ್ಕೇ. ಕೊನೆಗೆ ಬಿಷಪ್ ಪಾಸ್‌ನಿಂದ ಮೌಂಟ್ ಅಗಾಸಿ, 13,900 ಅಡಿಗೆ ಸ್ವಲ್ಪ ಕಡಿಮೆ. ಮೂರೂ ಕ್ಲಾಸ್ 2, ಅಂದರೆ ಹಗ್ಗ ಬೇಡ, ಆದರೆ ದಾರಿಯೂ ಇಲ್ಲ, ಅಲ್ಲಲ್ಲಿ ಕೈ ಊರಬೇಕು. ಕ್ಲಾಸ್ 3 ಅಂದರೆ ಕೈಯಲ್ಲೇ ಹಿಡಿದು ಹತ್ತಬೇಕು, ಜಾರಿದರೆ ಪೆಟ್ಟು ಜೋರು. ಮೌಂಟ್ ಡಾರ್ವಿನ್ ಆ ಗುಂಪಿನದು. ಈ ಸಲ ಕೆಳಗಿನಿಂದಲೇ ನೋಡಿ. ಅಂದ ಹಾಗೆ, ಇಲ್ಲಿನ ಶಿಖರಗಳಿಗೆ ಡಾರ್ವಿನ್, ಹಕ್ಸ್ಲಿ, ವಾಲೆಸ್ ಅಂತ ವಿಕಾಸವಾದಿಗಳ ಹೆಸರಿಟ್ಟವನು ಥಿಯೋಡರ್ ಸಾಲಮನ್ಸ್, 1895ರಲ್ಲಿ. ಡಾರ್ವಿನ್ನನನ್ನು ಕೊನೆವರೆಗೂ ಒಪ್ಪದ ವಿಜ್ಞಾನಿ ಲೂಯಿ ಅಗಾಸಿಯ ಶಿಖರ ಮಾತ್ರ ಆ ಗುಂಪಿನಿಂದ ದೂರ, ಬಿಷಪ್ ಪಾಸ್ ಪಕ್ಕದಲ್ಲಿದೆ!

ಅಗಾಸಿ ಏರು ಪೂರ್ತಿ ಬಂಡೆರಾಶಿ. ಇದು ನಮ್ಮ ಘಟ್ಟದಲ್ಲಿ ಸಿಗದ ನೆಲ. ಕೆಲವು ಬಂಡೆ ಮಂಚದಷ್ಟು ದೊಡ್ಡದಿದ್ದರೂ ಕಾಲಿಟ್ಟರೆ ಅಲುಗುತ್ತದೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಹತ್ತಬೇಡಿ. ಟ್ರೈಲ್‌ನಲ್ಲಿ ಗಂಟೆಗೆ ಮೂರು ಕಿಲೋಮೀಟರ್ ನಡೆಯುವವರು ಇಲ್ಲಿ ಒಂದು ಕಿಲೋಮೀಟರ್ ಲೆಕ್ಕ ಹಿಡಿಯಿರಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ಮಾಮೂಲು, ಹನ್ನೆರಡರೊಳಗೆ ತುದಿಯಿಂದ ಇಳಿಯಲು ಶುರು ಮಾಡಿರಬೇಕು. ಪಾಸ್‌ನಲ್ಲಿ ಬಿಟ್ಟ ಬ್ಯಾಗ್‌ನ ಜಿಪ್ ತೆರೆದಿಡಿ. ಮಾರ್ಮಟ್ ಅಂತ ದಪ್ಪ ಅಳಿಲಿನ ಜಾತಿಯ ಪ್ರಾಣಿ ಇದೆ. ಬೆವರಿನ ಉಪ್ಪಿಗೆ ಪಟ್ಟಿಯನ್ನೇ ಕಡಿಯುತ್ತದೆ, ಜಿಪ್ ಮುಚ್ಚಿದ್ದರೆ ಬಟ್ಟೆ ಹರಿದು ಒಳಗೆ ಇಣುಕುತ್ತದೆ.

ಎತ್ತರವನ್ನು ಹಗುರವಾಗಿ ತಗೋಬೇಡಿ. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ನಾರ್ತ್ ಲೇಕ್‌ನಲ್ಲಿ ನಡಿಗೆ ಶುರುವಾಗುವುದೇ ಸುಮಾರು 2,800 ಮೀಟರ್‌ನಲ್ಲಿ. ಹಿಂದಿನ ರಾತ್ರಿ ಅಲ್ಲೇ ಕ್ಯಾಂಪ್‌ಗ್ರೌಂಡ್‌ನಲ್ಲಿ ಮಲಗಿ. ಮೊದಲ ಎರಡು ದಿನ ಕಡಿಮೆ ನಡೆಯಿರಿ. ಎವಲ್ಯೂಷನ್ ಲೇಕ್ ಆಸುಪಾಸಿನಲ್ಲಿ ಒಂದು ದಿನ ಸುಮ್ನೆ ಖಾಲಿ ಇಡಿ. ಹವೆ ಕೆಟ್ಟರೆ ಅದೇ ದಿನ ಕೈಹಿಡಿಯುತ್ತದೆ.

ಈಗ ಊಟ, ನನಗೆ ಇಷ್ಟದ ವಿಷಯ. ಕರಡಿಗೆ ಸಿಗದಂತೆ ಎಲ್ಲವನ್ನೂ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುವುದು ಈ ದಾರಿಯಲ್ಲಿ ಕಡ್ಡಾಯ. ದೊಡ್ಡ ಡಬ್ಬಿಯೂ ಹನ್ನೊಂದೂವರೆ ಲೀಟರ್ ಮಾತ್ರ, ಖಾಲಿ ಡಬ್ಬಿಯೇ ಒಂದು ಕಿಲೋಗಿಂತ ಜಾಸ್ತಿ. ತಲೆಗೆ ದಿನಕ್ಕೆ 700–800 ಗ್ರಾಂ ಊಟ ಅಂದರೂ ವಾರಕ್ಕೆ ಐದು–ಐದೂವರೆ ಕಿಲೋ ಆಗುತ್ತದೆ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಲಿಪ್ ಬಾಮ್, ವಾಸನೆ ಇರುವ ಎಲ್ಲವೂ ಅದರೊಳಗೇ ಹೋಗಬೇಕು. ಮನೆಯಲ್ಲೇ ಒಮ್ಮೆ ತುಂಬಿ ಮುಚ್ಚಳ ಹಾಕಿ ನೋಡಿ. ಕೋಡುಬಳೆ, ಚಕ್ಕುಲಿ ಜಾಗ ತಿನ್ನುತ್ತವೆ, ಪುಡಿ ಮಾಡಿ ಹಾಕಿದರೆ ಪರವಾಗಿಲ್ಲ. ಶೇಂಗಾ ಚಟ್ನಿಪುಡಿ, ಚಿಕ್ಕಿ, ತುಪ್ಪ ಕಡಿಮೆ ಜಾಗದಲ್ಲಿ ಜಾಸ್ತಿ ಶಕ್ತಿ ಕೊಡುತ್ತವೆ. ಬೇಳೆ ಒಯ್ಯಬೇಡಿ. ಹನ್ನೊಂದು ಸಾವಿರ ಅಡಿಯಲ್ಲಿ ನೀರು 89 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕುದಿಯುತ್ತದೆ, ಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಮುಗಿಯುತ್ತದೆ. ಅದಕ್ಕೇ ಗೊಜ್ಜವಲಕ್ಕಿ. ಅವಲಕ್ಕಿ ತರಿ, ಹುಣಸೆ ಗೊಜ್ಜಿನ ಪುಡಿ, ಹುರಿದ ಶೇಂಗಾ, ಒಣ ಕೊಬ್ಬರಿ ಮನೆಯಲ್ಲೇ ಬೆರೆಸಿ ಗಾಳಿ ಹೊರಹೋಗುವಂತೆ ಒತ್ತಿ ಕವರ್‌ಗೆ ಹಾಕಿಡಿ. ಬಿಸಿನೀರು ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ಊಟ ರೆಡಿ.

ಪರ್ಮಿಟ್ ಹೊರಡುವ ಜಾಗ ಮತ್ತು ದಿನಾಂಕದ ಮೇಲೆ ಸಿಗುತ್ತದೆ, ಕೋಟಾ ಇದೆ. ನಿಮಗೆ ಬೇಕಿರುವುದು ಇನ್ಯೋ ನ್ಯಾಷನಲ್ ಫಾರೆಸ್ಟ್‌ನ ಪಿಯೂಟ್ ಪಾಸ್ ಪರ್ಮಿಟ್. 60 ಶೇಕಡಾ ಆರು ತಿಂಗಳು ಮೊದಲು, ಉಳಿದದ್ದು ಎರಡು ವಾರ ಮೊದಲು ಆನ್‌ಲೈನ್‌ನಲ್ಲಿ ಬಿಡುತ್ತಾರೆ. ಜುಲೈನಲ್ಲಿ ಸೊಳ್ಳೆ, ಹೊಳೆಯಲ್ಲಿ ನೀರು ಎರಡೂ ಜಾಸ್ತಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲು ನನಗಿಷ್ಟ, ಕಾಡ್ಗಿಚ್ಚಿನ ಹೊಗೆ ಬಂದರೆ ಮಾತ್ರ ಕಷ್ಟ. ಹಿಮ ಜಾಸ್ತಿ ಬಿದ್ದ ವರ್ಷ ಎವಲ್ಯೂಷನ್ ಕ್ರೀಕ್ ದಾಟುವುದೇ ದೊಡ್ಡ ಕೆಲಸ. ಆಗ ಮಾಮೂಲಿ ಜಾಗ ಬಿಟ್ಟು ಮೇಲೆ ಎವಲ್ಯೂಷನ್ ಮೆಡೋದಲ್ಲಿ, ನೀರು ಅಗಲವಾಗಿ ನಿಧಾನಕ್ಕೆ ಹರಿಯುವಲ್ಲಿ, ಬೆಳಿಗ್ಗೆಯೇ ದಾಟಿ. ದಾಟುವಾಗ ಬ್ಯಾಗ್‌ನ ಸೊಂಟದ ಪಟ್ಟಿ ಬಿಚ್ಚಿಕೊಳ್ಳಿ.

ಮಧ್ಯದಲ್ಲಿ ಫೋನ್ ಸಿಗ್ನಲ್ ನಂಬಬೇಡಿ. ಇನ್‌ರೀಚ್ ತರಹದ ಸ್ಯಾಟಲೈಟ್ ಸಾಧನ ಒಂದಾದರೂ ಇರಲಿ. ಮನೆಯವರ ಹತ್ತಿರ ದಾರಿಯ ಮ್ಯಾಪ್ ಕೊಟ್ಟು, ಇಂಥ ದಿನ ಇಷ್ಟು ಹೊತ್ತಿಗೆ ಮೆಸೇಜ್ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದು ಕೊಡಿ. ಮ್ಯೂರ್ ಪಾಸ್ ಮೇಲೆ 1930ರಲ್ಲಿ ಕಟ್ಟಿದ ಕಲ್ಲಿನ ಗುಡಿಸಲಿದೆ. ಅದು ಬಿರುಗಾಳಿಗೆ ಸಿಕ್ಕವರಿಗೆ, ರಾತ್ರಿ ಮಲಗುವ ಪ್ಲಾನ್ ಅಲ್ಲಿ ಹಾಕಬೇಡಿ.

ಕಾರನ್ನು ಸೌತ್ ಲೇಕ್‌ನಲ್ಲಿ ಬಿಟ್ಟು, ನಾರ್ತ್ ಲೇಕ್‌ಗೆ ಇನ್ನೊಂದು ಗಾಡಿಯಲ್ಲಿ ಹೋಗಿ. ಕಾರೊಳಗೆ ಬಿಸ್ಕತ್ ಚೂರೂ ಬಿಡಬೇಡಿ, ಕರಡಿ ಬಾಗಿಲನ್ನೇ ಕೀಳುತ್ತದೆ. ಉಳಿದ ತಿಂಡಿಯನ್ನು ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಹೆಸರು, ವಾಪಸ್ ಬರುವ ದಿನ ಬರೆದಿಡಿ.